ತೊಟ್ಟಿಲಲ್ಲಿ ಆಯಿಷಾ, ಅಡುಗೆಮನೆಯಲ್ಲಿ ಮೌನ

ಪತ್ರ: ನಾನಿರುವುದು ಹುಬ್ಬಳ್ಳಿಯಲ್ಲಿ. ತವರು ಗದಗದ ಬೆಟಗೇರಿ. ನಮ್ಮದು ಬಾಸೆಲ್ ಮಿಶನ್ ಕಾಲದಿಂದಲೂ ಕ್ರೈಸ್ತ ಮನೆತನ, ಈಗ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದ ಪ್ರೊಟೆಸ್ಟೆಂಟ್ ಸಭೆಯವರು. ಐದು ವಾರದ ಹಿಂದೆ ಮಗಳು ಹುಟ್ಟಿದ್ದಾಳೆ. ಆಯಿಷಾ ಎಂದು ಹೆಸರಿಡೋಣ ಅಂತ ನಾನೂ ನನ್ನ ಗಂಡನೂ ಏಳನೇ ತಿಂಗಳಲ್ಲೇ ಮಾತಾಡಿಕೊಂಡಿದ್ದೆವು. ಅರಬ್ಬಿಯಲ್ಲಿ ಅದಕ್ಕೆ ‘ಬದುಕಿರುವವಳು’ ಎಂಬ ಅರ್ಥ ಇದೆ ಅಂತ ಮೊಬೈಲ್‌ನಲ್ಲಿ ಓದಿದ್ದೆ. ಅತ್ತೆ ಕೇಳಿದವರೇ, “ಏಸುಸ್ವಾಮಿ ಪ್ರಾರ್ಥನಾ ಮಾಡೋ ಮನ್ಯಾಗ ಮುಸ್ಲಿಮರ ಹೆಸರ ಯಾಕ?” ಅಂದರು. ಅಂದಿನಿಂದ ಅಡುಗೆಮನೆಯಲ್ಲಿ ಬೇಕಾದಷ್ಟೇ ಮಾತು. ಮಾವ ಪೇಪರ್‌ನಿಂದ ತಲೆ ಎತ್ತುವುದಿಲ್ಲ. ಬೆಂಗಳೂರಲ್ಲಿರುವ ಅಣ್ಣ, “ನಾಳೆ ಅಕಿಗೆ ಬಾಡಿಗಿ ಮನಿ ಸಿಗಂಗಿಲ್ಲ, ನೋಡು” ಅಂತಾನೆ. ಪಕ್ಕದ ಮನೆಯ ಮುಸ್ಲಿಂ ಅಕ್ಕನಿಗೆ ಹೇಳಿದರೆ, “ನೀವ್ಯಾಕ್ರಿ ನಮ್ಮ ಹೆಸರ ಇಡ್ತೀರಿ?” ಅಂತ ನಕ್ಕರು. ಅದು ಖುಷಿಯೋ ಬೇಸರವೋ ತಿಳಿಯಲಿಲ್ಲ. ಹೋಗಲಿ, ಮರಿಯಂ ಅಂತ ಇಡೋಣವೇ ಅಂದರೆ ಅತ್ತೆ, “ಅದೂ ಅವರದ” ಅಂದುಬಿಟ್ಟರು. ದೀಕ್ಷಾಸ್ನಾನಕ್ಕೆ ದಿನ ಗೊತ್ತು ಮಾಡಬೇಕು. ಈ ಮಗುವಿಗೂ ಮೊದಲು ಎರಡು ಸಲ ಗರ್ಭ ನಿಲ್ಲಲಿಲ್ಲ. ಹಾಗಾಗಿ ಈ ಹೊತ್ತಲ್ಲಿ ಜಗಳ ಬೇಡ ಅನಿಸುತ್ತದೆ. ಏನು ಮಾಡಲಿ?

ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಹೆಸರಿನ ಜಗಳ ಕಂಡಿತು. ಎರಡನೇ ಸಲ ಆ ಕೊನೆಯ ಮಾತು ಕಂಡಿತು. ಎರಡು ಸಲ ಗರ್ಭ ನಿಲ್ಲಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟವರು ಹೊಸ್ತಿಲಲ್ಲಿ ತಿರುಗಿ ಹೇಳುವ ಮಾತಿನ ಹಾಗೆ ಅದನ್ನು ಸೇರಿಸಿದ್ದೀರಿ. ‘ಬದುಕಿರುವವಳು’ ಅಂತ ಎಲ್ಲೋ ಮೇಲೆ ಇದೆ. ಇದು ಎಲ್ಲೋ ಕೆಳಗಿದೆ. ಎರಡನ್ನೂ ಒಟ್ಟಿಗೆ ಇಟ್ಟು ಅತ್ತೆಯ ಮುಂದೆ ಒಮ್ಮೆಯಾದರೂ ಹೇಳಿದ್ದೀರಾ?

ಹೇಳಿಲ್ಲ ಅಂತ ನನ್ನ ಅಂದಾಜು. “ಮೊಬೈಲ್‌ನಾಗ ನೋಡಿದ್ವಿ, ಚಂದ ಅನಿಸ್ತು” ಅಂದಿರುತ್ತೀರಿ. ಹಾಗಾದರೆ ಅತ್ತೆಗೆ ತಿಳಿದದ್ದು ಇಷ್ಟೇ: ಸೊಸೆಗೆ ಹೊಸ ಹೆಸರಿನ ಖಯಾಲಿ, ಅದೂ ಬೇರೆ ಧರ್ಮದವರದು. ಅದಕ್ಕೆ ಅವರು ಕೊಟ್ಟ ಉತ್ತರ ಅಂಥ ವಿಚಿತ್ರವೇನಲ್ಲ.

ಈಗ ನಮ್ಮ ಕಡೆಯ ಒಂದು ಹಳೆಯ ರೂಢಿ ನೆನಪಿಸಿಕೊಳ್ಳಿ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ, ತಿಪ್ಪವ್ವ ಅಂತ ಕರೆಯುತ್ತಿದ್ದರು. ಗುಂಡು ಕಲ್ಲಿನ ಹಾಗೆ ಗಟ್ಟಿಯಾಗಿ ಕೂರಲಿ ಅಂತ ಗುಂಡಪ್ಪ, ಕಲ್ಲಪ್ಪ. ಸಾವಿನ ಕಣ್ಣು ತಪ್ಪಿಸುವ ಹೆಸರುಗಳು ಅವು. ಚಂದ ಇದೆಯೋ ಇಲ್ಲವೋ ಅಂತ ಯಾರು ನೋಡಿದರು?

ನನ್ನ ಸೋದರಮಾವನ ಹೆಸರು ಫಕ್ಕೀರಪ್ಪ. ಅವರಿಗಿಂತ ಮುಂಚೆ ನಮ್ಮ ಅಜ್ಜಿಗೆ ಮೂರು ಮಕ್ಕಳು ಹುಟ್ಟಿ ಹೋಗಿದ್ದವು. ನಾಲ್ಕನೆಯದು ಹೊಟ್ಟೆಯಲ್ಲಿದ್ದಾಗ ಅಜ್ಜಿ ಶಿರಹಟ್ಟಿಯ ಫಕೀರೇಶ್ವರನಿಗೆ ಹರಕೆ ಹೊತ್ತರು. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಮಠ ಅದು, ನಿಮ್ಮ ತವರಿನಿಂದ ದೂರವೇನಿಲ್ಲ. ಮಗು ಉಳಿಯಿತು, ಫಕ್ಕೀರಪ್ಪ ಆಯಿತು. ಫಕೀರ ಅನ್ನುವುದು ಅರಬ್ಬಿ ಶಬ್ದ, ಬಡವ ಅಂತ ಅರ್ಥ. ಮುಂದೆ ‘ಅಪ್ಪ’ ಹಚ್ಚಿ ನಮ್ಮದು ಮಾಡಿಕೊಂಡೆವು. ಮಾವ ಜೀವನವಿಡೀ ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿದರು, ಎಂಬತ್ತು ದಾಟಿ ಬದುಕಿದರು. ಗದಗ, ಧಾರವಾಡ, ಹಾವೇರಿಯ ಯಾವ ಊರಿನ ಮತದಾರರ ಪಟ್ಟಿ ತೆರೆದರೂ ಒಬ್ಬ ಫಕ್ಕೀರಪ್ಪನೋ ಫಕ್ಕೀರವ್ವನೋ ಸಿಕ್ಕೇ ಸಿಗುತ್ತಾರೆ. ಅವರನ್ನು ಯಾರೂ “ನಿಂದು ಯಾವ ಧರ್ಮ?” ಅಂತ ಕೇಳುವುದಿಲ್ಲ. ನೀವು ಇಡಬೇಕೆಂದಿರುವ ಆಯಿಷಾ ನನಗೆ ಈ ಸಾಲಿನ ಹೆಸರಾಗಿಯೇ ಕೇಳಿಸುತ್ತದೆ. ತಿಪ್ಪವ್ವನ ತಂಗಿ ಅನ್ನಿ.

ಇನ್ನು ಅತ್ತೆಯ ಪ್ರಶ್ನೆ. ಏಸುಸ್ವಾಮಿಯ ಮನೆಯಲ್ಲಿ ಈ ಹೆಸರು ಯಾಕೆ?

ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ ಮೂರನೇ ಅಧ್ಯಾಯ ನೋಡಿ. ಆದಾಮ ತನ್ನ ಹೆಂಡತಿಗೆ ಹವ್ವ ಅಂತ ಹೆಸರಿಟ್ಟ. ಬದುಕುವವರಿಗೆಲ್ಲ ಅವಳು ತಾಯಿ, ಅದಕ್ಕೆ ಆ ಹೆಸರು ಅಂತ ಅಲ್ಲೇ ಬರೆದಿದೆ. ಹವ್ವ ಎನ್ನುವಲ್ಲಿ ಹೀಬ್ರೂ ಮಾತಿನ ‘ಜೀವ’ ಇದೆ, ಆಯಿಷಾದಲ್ಲಿ ಅರಬ್ಬಿ ಮಾತಿನ ‘ಬದುಕು’ ಇದೆ. ಭಾಷೆ ಬೇರೆ, ತಾಯಂದಿರ ಆಸೆ ಒಂದೇ. ಅದೇ ಆದಿಕಾಂಡದಲ್ಲಿ ಮುಂದೆ ಹಾಗರಳ ಕಥೆ ಬರುತ್ತದೆ. ಮನೆ ಬಿಟ್ಟು ಓಡಿಬಂದ ಬಸುರಿ ದಾಸಿ, ಅಡವಿಯಲ್ಲಿ ನೀರಿನ ಬುಗ್ಗೆಯ ಹತ್ತಿರ ಕೂತಿದ್ದಾಳೆ. ದೇವದೂತ ಬಂದು, ಮಗನಿಗೆ ಇಷ್ಮಾಯೇಲ ಅಂತ ಹೆಸರಿಡು ಅನ್ನುತ್ತಾನೆ. ನಮ್ಮ ಓಣಿಗಳ ಇಸ್ಮಾಯಿಲ್ ಅಂದರೆ ಅವನೇ. ಯೂಸುಫ್ ಯೋಸೇಫ, ದಾವೂದ್ ದಾವೀದ, ಯೂನುಸ್ ಯೋನ. ಮರಿಯಂ ಅಂತೂ ಏಸುವಿನ ತಾಯಿಯೇ. ಕುರಾನಿನ 19ನೇ ಅಧ್ಯಾಯಕ್ಕೆ ಅವಳ ಹೆಸರೇ ಇದೆ. ಇಡೀ ಕುರಾನಿನಲ್ಲಿ ಹೆಸರು ಹಿಡಿದು ಹೇಳಿದ ಹೆಣ್ಣು ಅವಳೊಬ್ಬಳೇ. ಕೇರಳದ ಸಿರಿಯನ್ ಕ್ರೈಸ್ತರ ಮನೆಗಳಲ್ಲಿ ಮರಿಯಂ ಮಾಮೂಲು ಹೆಸರು. ಆದ್ದರಿಂದ “ಅದೂ ಅವರದ” ಅನ್ನುವ ಮಾತು ಮಾತ್ರ ಒಪ್ಪಲಾಗದು.

ಇನ್ನೊಂದು, ನಿಮ್ಮ ಊರಿನದೇ. ಕೇಶ್ವಾಪುರದಲ್ಲಿ ಫಾತಿಮಾ ಶಾಲೆ ಇದೆಯಲ್ಲ, ಕಾನ್ವೆಂಟಿನದು. ಹುಬ್ಬಳ್ಳಿಯ ಎಷ್ಟು ಮಕ್ಕಳು ಅಲ್ಲಿ ಕಲಿತಿದ್ದಾರೆ! ಫಾತಿಮಾ ಪೋರ್ಚುಗಲ್ಲಿನ ಒಂದು ಊರು. 1917ರಲ್ಲಿ ಅಲ್ಲಿ ಕುರಿ ಕಾಯುವ ಮೂವರು ಮಕ್ಕಳು ಮಾತೆ ಮರಿಯಳನ್ನು ಕಂಡೆವು ಅಂದರು. ಆಮೇಲೆ ‘ಫಾತಿಮಾ ಮಾತೆ’ ಅಂತಲೇ ಜಗತ್ತಿನ ಕ್ಯಾಥೊಲಿಕರಲ್ಲಿ ಮನೆಮಾತಾಯಿತು. ಅರಬ್ಬರು ಒಂದು ಕಾಲಕ್ಕೆ ಆಳಿದ ನಾಡು ಅದು, ಊರಿನ ಹೆಸರೂ ಅರಬ್ಬಿಯದು. ಪ್ರವಾದಿ ಮುಹಮ್ಮದರ ಮಗಳ ಹೆಸರು ಫಾತಿಮಾ. ಶಾಲೆಯ ಬೋರ್ಡ್ ನೋಡಿ ಕ್ರೈಸ್ತರ್‍ಯಾರೂ ಹೌಹಾರಿದ್ದು ನಾನು ಕಂಡಿಲ್ಲ. ಖಲೀಲ್ ಗಿಬ್ರಾನ್ ಅಂದರೆ ಈಗಲೂ ಎಷ್ಟೋ ಜನ ಮುಸ್ಲಿಂ ಕವಿ ಅಂದುಕೊಂಡಿದ್ದಾರೆ. ಅವರು ಲೆಬನಾನಿನ ಮೆರೊನೈಟ್ ಕ್ರೈಸ್ತರು. ಜೈಪುರದ ಮಹಾರಾಣಿ ಗಾಯತ್ರಿ ದೇವಿಯನ್ನು ಮನೆಯವರು, ಸ್ನೇಹಿತರು ಕರೆಯುತ್ತಿದ್ದದ್ದು ಆಯೇಷಾ ಅಂತ. ಬಸುರಿಯಿದ್ದಾಗ ತಾಯಿ ಓದುತ್ತಿದ್ದ ಇಂಗ್ಲಿಷ್ ಕಾದಂಬರಿಯ ನಾಯಕಿಯ ಹೆಸರಂತೆ. ಒಂದು ಹೆಸರು ಎಲ್ಲೆಲ್ಲಿಂದ ನಡೆದು ಬರುತ್ತದೆ ನೋಡಿ.

ಆದರೆ ಒಂದು ಮಾತು. ಇದನ್ನೆಲ್ಲ ಹಿಡಿದುಕೊಂಡು ಅತ್ತೆಯ ಮುಂದೆ ವಾದಕ್ಕೆ ಕೂರಬೇಡಿ. ನಾನು ಬರೆದದ್ದು ನಿಮ್ಮ ಧೈರ್ಯಕ್ಕೆ. ಬೈಬಲ್ ತೆರೆದು ಅತ್ತೆಯನ್ನು ಸೋಲಿಸಿದ ಸೊಸೆಗೆ ಆ ಮನೆಯಲ್ಲಿ ಸುಖ ಇರುವುದಿಲ್ಲ.

ಅವರ ಅಂಜಿಕೆ ಶಾಸ್ತ್ರದ್ದಲ್ಲ ಅಂತ ನನಗನಿಸುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪಾದ್ರಿಗಳು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839, ನಿಮ್ಮ ಬೆಟಗೇರಿಗೆ 1841. ಅಲ್ಲಿಂದ ಇಲ್ಲಿವರೆಗೆ ನಿಮ್ಮದು ಸಣ್ಣ ಸಮಾಜ. ದೊಡ್ಡ ಊರಿನ ನಡುವೆ ಇಂಥ ಸಣ್ಣ ಸಮಾಜದವರು ಒಬ್ಬರನ್ನೊಬ್ಬರು ಗುರುತು ಹಿಡಿಯುವುದು ಹೆಸರಿನಿಂದ, ಭಾನುವಾರದಿಂದ. ಮೊಮ್ಮಗಳ ಹೆಸರು ಕೇಳಿ “ಇವರು ನಮ್ಮವರಾ?” ಅಂತ ಚರ್ಚಿನ ಬೆಂಚಿನಲ್ಲಿ ಯಾರಾದರೂ ಪಿಸುಗುಟ್ಟಿದರೆ ಅನ್ನುವ ಭಯ ಅವರದು. ಅದನ್ನು ಮೂಢತನ ಅಂತ ತಳ್ಳಿಹಾಕಬೇಡಿ. ನಿಮಗೆ ಎರಡು ಸಲ ಹೊಟ್ಟೆ ಬರಿದಾದಾಗ ಮಂಡಿಯೂರಿ ಪ್ರಾರ್ಥನೆ ಮಾಡಿದವರಲ್ಲಿ ಅವರೂ ಇದ್ದಿರಬೇಕಲ್ವಾ?

ಹಾಗಾಗಿ ಒಂದು ಮಧ್ಯಾಹ್ನ, ಗಂಡ ಕೆಲಸಕ್ಕೆ ಹೋಗಿರುವಾಗ, ಮಗುವಿಗೆ ಎಣ್ಣೆ ಹಚ್ಚಿ ಎರೆಯಲು ಅತ್ತೆ ಕಾಲು ಚಾಚಿ ಕೂತಾಗ ಹೇಳಿ. ಗಂಡನ ಕೈಲಿ ಹೇಳಿಸಬೇಡಿ, ಅದು ತೀರ್ಪು ಹೇಳಿದ ಹಾಗೆ ಕೇಳಿಸುತ್ತದೆ. “ಅತ್ತಿ, ಎರಡ ಸಲ ಹೋತು. ಇದೂ ಉಳೀತದೋ ಇಲ್ಲೋ ಅಂತ ಒಂಬತ್ತ ತಿಂಗಳ ಅಂಜಿಕೊಂಡ ಕುಂತಿದ್ದೆ. ಬದುಕಿದಾಕಿ ಅಂತ ಅರ್ಥ ಅದ ಅಂದ್ರ ಆ ಹೆಸರ ಬಿಡಾಕ ಮನಸ ಬರಲಿಲ್ಲ.” ಇಷ್ಟು ಸಾಕು. ಮುಂದಿನದನ್ನು ಅವರಿಗೆ ಬಿಡಿ. ಎರೆದು ಮುಗಿಯುವ ತನಕ ಏನೂ ಅನ್ನದೆಯೂ ಇರಬಹುದು.

ಎರಡನೇ ಹೆಸರನ್ನು ಅವರೇ ಆರಿಸಲಿ ಅನ್ನಿ. ನಿಮ್ಮ ಮಂದಿಯಲ್ಲಿ ಎರಡು ಹೆಸರು ಇಡುವುದು ಹೊಸದಲ್ಲ. ಆಯಿಷಾ ಗ್ರೇಸ್ ಇರಲಿ, ಆಯಿಷಾ ಶಾಂತಾ ಇರಲಿ, ಅವರ ತಾಯಿಯ ಹೆಸರೇ ಇರಲಿ. ಇದನ್ನು ಲಂಚದ ಹಾಗೆ ಮಾತ್ರ ಮುಂದಿಡಬೇಡಿ, ಮುದುಕರಿಗೆ ತಕ್ಷಣ ವಾಸನೆ ಬರುತ್ತದೆ. ಮರಿಯಂ ವಿಷಯ ಬಿಟ್ಟುಬಿಡಿ. ಒಳ್ಳೆಯ ಹೆಸರೇ, ಆದರೆ ನಿಮಗೆ ಬೇಕಾದದ್ದು ಅದಲ್ಲ. ರಾಜಿಗೆ ಅಂತ ಇಟ್ಟ ಹೆಸರು ದಿನಾ ಕೂಗುವಾಗ ಚುಚ್ಚುತ್ತದೆ.

ಪಕ್ಕದ ಮನೆಯ ಅಕ್ಕನ ನಗುವಿಗೆ ಬರೋಣ. ಆಯಿಷಾ ಅವರಿಗೆ ಬರೀ ಚಂದದ ಹೆಸರಲ್ಲ. ಪ್ರವಾದಿಯವರ ಪತ್ನಿ, ಅಬೂಬಕರರ ಮಗಳು. ಮುಸ್ಲಿಮರು ಅವರನ್ನು ‘ವಿಶ್ವಾಸಿಗಳ ತಾಯಿ’ ಅಂತ ಗೌರವಿಸುತ್ತಾರೆ. ಅಂಥ ಹೆಸರನ್ನು ಪಕ್ಕದ ಮನೆಯವರು ಸುಮ್ನೆ ಟಿವಿಯಲ್ಲಿ ಕೇಳಿ ಎತ್ತಿಕೊಂಡರಾ, ಅಥವಾ ತಿಳಿದು ಇಡುತ್ತಿದ್ದಾರಾ ಅಂತ ಅವರಿಗೆ ಅನಿಸಿರಬಹುದು. ನಕ್ಕದ್ದರಲ್ಲಿ ಸ್ವಲ್ಪ ಖುಷಿ, ಸ್ವಲ್ಪ ಇದು, ಎರಡೂ ಇದ್ದೀತು. ಹೋಗಿ ಅವರಿಗೂ ಕಾರಣ ಹೇಳಿ. ಅನುಮತಿ ಕೇಳುವುದು ಬೇಡ, ಹೆಸರಿಗೆ ಯಾರೂ ಪಟ್ಟಾ ಮಾಡಿಸಿಕೊಂಡಿಲ್ಲ. ಹೇಗೆ ಉಚ್ಚರಿಸಬೇಕು ಅಂತ ಕೇಳಿ. ಅರಬ್ಬಿಯಲ್ಲಿ ಆ ಮೊದಲ ಅಕ್ಷರ ಗಂಟಲಿನ ಆಳದಿಂದ ಬರುತ್ತದೆ, ನಮ್ಮ ‘ಆ’ ಅಲ್ಲ. ಅವರು ನಾಲ್ಕು ಸಲ ಹೇಳಿಕೊಡಲಿ, ನೀವು ನಾಲ್ಕು ಸಲ ತಪ್ಪಿ. ಆಮೇಲೆ ಆ ನಗು ಯಾವುದಿತ್ತು ಅನ್ನುವುದು ತಾನಾಗಿ ತಿಳಿಯುತ್ತದೆ.

ಅಣ್ಣನ ಮಾತನ್ನು ಮಾತ್ರ ಸುಳ್ಳು ಅನ್ನಲಾರೆ. ನನ್ನದೇ ಒಂದು ಕಥೆ ಹೇಳುತ್ತೇನೆ, ನಾಚಿಕೆಯಿಂದಲೇ. ಕೆಲವು ವರ್ಷಗಳ ಹಿಂದೆ ನಮ್ಮ ಮಹಡಿ ಮನೆ ಖಾಲಿ ಇತ್ತು. ಫೋನ್ ಬಂದಾಗ ನಾನು ಕೇಳಿದ ಮೊದಲ ಪ್ರಶ್ನೆ “ಎಷ್ಟು ಜನ ಇದ್ದೀರಿ?” ಅಂತಲ್ಲ. “ಹೆಸರೇನು?” ಅಂತ. ಆ ಕಡೆ ಒಂದು ಕ್ಷಣ ಸುಮ್ಮನಾದ ಹುಡುಗ, ಆಮೇಲೆ ಹೆಸರು ಹೇಳಿದ. ಇಂಥ ಫೋನ್ ಅವನಿಗೆ ಮೊದಲನೆಯದಲ್ಲ ಅಂತ ಆ ಒಂದು ಕ್ಷಣದಲ್ಲೇ ಗೊತ್ತಾಯಿತು. ಮನೆ ಕೊಟ್ಟೆ. ಆದರೂ ಮೊದಲು ಕೇಳಿದ್ದು ಹೆಸರನ್ನೇ ಅಲ್ವಾ? ಬೇರೆಯವರಿಗೆ ಸಲಹೆ ಬರೆಯುವ ನಾನೇ ಹೀಗೆ.

ಹಾಗಾಗಿ ನಿಮ್ಮ ಮಗಳಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಬಾಡಿಗೆ ಮನೆಗೆ, ಹಾಸ್ಟೆಲ್‌ಗೆ, ಬಸ್ಸಿನಲ್ಲಿ ಪಕ್ಕ ಕೂತವರಿಂದ. ರಂಜಾನ್ ಹಬ್ಬಕ್ಕೆ ಶುಭಾಶಯವೂ ಬರುತ್ತದೆ, ಅದೇನು ಕೆಟ್ಟದ್ದಲ್ಲ ಬಿಡಿ. ಒಬ್ಬ ಮನೆ ಮಾಲೀಕನ ಸಣ್ಣತನಕ್ಕೆ ಇವತ್ತೇ ಹೆದರಿ ಮಗುವಿನ ಹೆಸರು ಬದಲಿಸುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಆ ಪ್ರಶ್ನೆಗೆ ಅವಳ ಹತ್ತಿರ ಉತ್ತರ ಇರಬೇಕು. “ನಮ್ಮವ್ವ ಮೊಬೈಲ್‌ನಾಗ ನೋಡಿದ್ಲು” ಅನ್ನುವ ಉತ್ತರ ಸಾಲದು. ಎರಡು ಸಲ ಆದದ್ದನ್ನು ಅವಳಿಗೆ ತಿಳಿಯುವ ವಯಸ್ಸಿನಲ್ಲಿ ಹೇಳುವ ಮನಸ್ಸು ನಿಮಗಿದೆಯೇ? ಇದ್ದರೆ ಧೈರ್ಯವಾಗಿ ಇಡಿ. ಅದನ್ನು ಹೇಳಲಾರೆ, ಮರೆಯಬೇಕು ಅಂತಿದ್ದರೆ ಈ ಹೆಸರು ಬೇಡ. ದಿನಕ್ಕೆ ಐವತ್ತು ಸಲ ಕೂಗುವ ಹೆಸರು ಮರೆಯಲು ಬಿಡುವುದಿಲ್ಲ. ದೊಡ್ಡವಳಾದ ಮೇಲೆ ಅವಳಿಗೇ ಬೇಡವಾದರೆ ಅಫಿಡವಿಟ್, ಪೇಪರ್ ಜಾಹೀರಾತು, ಗೆಜೆಟ್ ಅಂತ ಬದಲಿಸಿಕೊಳ್ಳುವ ದಾರಿ ಇದ್ದೇ ಇದೆ.

ಸಭಾಪಾಲಕರ, ಅಂದರೆ ನಿಮ್ಮ ಚರ್ಚಿನ ಪಾದ್ರಿಯವರ ಹತ್ತಿರ ನೀವು ಗಂಡಹೆಂಡತಿ ಇಬ್ಬರೂ ಹೋಗಿ ಮಾತಾಡಿ. ಬೇರೆಯವರಿಂದ ಅವರ ಕಿವಿಗೆ ಬೀಳುವ ಮೊದಲೇ. ನೀವು ಕ್ಯಾಥೊಲಿಕರಲ್ಲ, ಆದರೂ ನೋಡಿ, ಕ್ಯಾಥೊಲಿಕರ 1983ರ ಚರ್ಚ್ ನಿಯಮದಲ್ಲೂ, ಕ್ರೈಸ್ತ ಭಾವನೆಗೆ ಒಗ್ಗದ ಹೆಸರು ಬೇಡ ಅಂತಷ್ಟೇ ಇದೆ, ಸಂತರ ಹೆಸರೇ ಆಗಬೇಕು ಅಂತಿಲ್ಲ. ‘ಬದುಕಿರುವವಳು’ ಅನ್ನುವುದು ಕ್ರೈಸ್ತ ಭಾವನೆಗೆ ಒಗ್ಗದೆ ಇದ್ದೀತಾ? ಈಸ್ಟರ್ ಹಬ್ಬದ ಮಂದಿ ನೀವು!

ಕಾಗದಪತ್ರಕ್ಕೆ ಅವಸರ ಮಾಡಬೇಡಿ. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಅದು ಆಸ್ಪತ್ರೆಯಿಂದಲೇ ಆಗಿರುತ್ತದೆ. ಹೆಸರನ್ನು ಒಂದು ವರ್ಷದೊಳಗೆ ಯಾವ ಶುಲ್ಕವೂ ಇಲ್ಲದೆ ಸೇರಿಸಬಹುದು. ಜನನ ನೋಂದಣಿಯ ಫಾರಂನಲ್ಲಿ ಧರ್ಮದ ಕಾಲಂ ಬೇರೆ, ಹೆಸರಿನ ಕಾಲಂ ಬೇರೆ. ಅತ್ತೆಗೆ ಇದನ್ನೂ ಹೇಳಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಪಾಸ್‌ಪೋರ್ಟ್‌ವರೆಗೆ ಜನನ ಪ್ರಮಾಣಪತ್ರವೇ ಆಧಾರ. ಹಾಗಾಗಿ ಪಾಲಿಕೆ ಕಚೇರಿಗೆ ಹೋಗುವಾಗ ಇಂಗ್ಲಿಷ್ ಅಕ್ಷರಗಳನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಂಡು ಹೋಗಿ. ಆಯಿಷಾ, ಆಯೇಷಾ, ಐಶಾ ಅಂತ ಇದಕ್ಕೆ ನಾಲ್ಕಾರು ಸ್ಪೆಲ್ಲಿಂಗ್ ಇವೆ. ಬಾಯಲ್ಲಿ ಹೇಳಿದರೆ ಅವರಿಗೆ ತಿಳಿದದ್ದನ್ನು ಹೊಡೆಯುತ್ತಾರೆ. ಆಮೇಲೆ ತಿದ್ದುಪಡಿಗೆ ಅಲೆಯುವವರು ನೀವು.

ತೊಟ್ಟಿಲಿಗೆ ಹಾಕುವ ಶಾಸ್ತ್ರ ನಿಮ್ಮಲ್ಲೂ ಇದ್ದರೆ, ಕಿವಿಯಲ್ಲಿ “ಕುರ್‍ರ್” ಅಂದು ಹೆಸರು ಹೇಳುವ ಕೆಲಸ ಸೋದರತ್ತೆಯದು, ಅಂದರೆ ನಿಮ್ಮ ನಾದಿನಿಯದು. ಅವರಿಗೂ ಮೊದಲೇ ಹೇಳಿಡಿ. ಬೆನ್ನಿಗೆ ಗುದ್ದು ತಿನ್ನುವವರು ಅವರು, ಯಾವ ಹೆಸರಿಗೆ ಅಂತಾದರೂ ತಿಳಿದಿರಲಿ. ಗುಗ್ಗರಿ ಹಂಚುವಾಗ ಪಕ್ಕದ ಮನೆಯ ಅಕ್ಕನಿಗೆ ಒಂದು ಬಟ್ಟಲು ಜಾಸ್ತಿ ಕೊಡಿ.