ಅಪ್‌ಡೇಟ್ ಒತ್ತಿದ್ಮೇಲೆ ಸರ್ವರ್ ಮುನಿಸಿಕೊಂಡಿದೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಡಗಿನವೇ. ಮೇ ಮುಗಿಯುತ್ತಾ ಬಂತು. ಇನ್ನೇನು ಮಳೆ ಹಿಡಿದರೆ ಕರೆಂಟೂ ಇಲ್ಲ ನೆಟ್ಟೂ ಇಲ್ಲ, ಅಷ್ಟರೊಳಗೆ ಇರೋ ಫೈಲನ್ನೆಲ್ಲ ಸರ್ವರಿಗೋ ಕ್ಲೌಡಿಗೋ ದಾಟಿಸಿಬಿಡೋಣ ಅಂತ ಎಲ್ಲರೂ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಕೂತ ಕೂಡಲೇ ಫೈಲ್ ಕಳಿಸುವ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಿದೆ ಅಂತ ಒಂದು ಪೆಟ್ಟಿಗೆ ಎದ್ದಿದೆ, ಒತ್ತಿದ್ದಾರೆ, ಆಮೇಲೆ ನನಗೆ ಪತ್ರ ಬರೆದಿದ್ದಾರೆ. ನಾನೂ ಮಡಿಕೇರಿಯವನೇ. ಪಕ್ಷಪಾತ ಅಂತ ಬೇರೆ ಜಿಲ್ಲೆಯವರು ಬೈಯಬೇಡಿ.

ಪ್ರಶ್ನೆ: ನಮ್ಮ ಹೋಂಸ್ಟೇಗೆ ಒಂದು ಸಣ್ಣ ವೆಬ್‌ಸೈಟ್ ಇದೆ. ಫೋಟೋ ಅಥವಾ ರೂಮಿನ ದರ ಬದಲಿಸಬೇಕಾದಾಗ ಫೈಲ್‌ಜಿಲ್ಲಾ ತೆರೆದು ಫೈಲ್ ಹಾಕುತ್ತೇನೆ. ಎಂಟು ವರ್ಷದಿಂದ ಹೀಗೇ ನಡೆದಿದೆ. ಮೊನ್ನೆ ಅಪ್‌ಡೇಟ್ ಮಾಡಿದ ಮೇಲೆ, ಈ ಸರ್ವರ್ ಸುರಕ್ಷಿತವಲ್ಲ, ಪಾಸ್‌ವರ್ಡ್ ಬಯಲಲ್ಲೇ ಹೋಗುತ್ತದೆ ಎಂಬ ಎಚ್ಚರಿಕೆ ಬರುತ್ತಿದೆ. ಅಳಿಯ ಹಳೇ ಆವೃತ್ತಿಯನ್ನೇ ಮತ್ತೆ ಹಾಕಿಕೊಡುತ್ತೇನೆ ಅನ್ನುತ್ತಾರೆ. ಹಾಕಿಸಲೇ?
- ಹೋಂಸ್ಟೇ ನಡೆಸುವವರು, ಪೊನ್ನಂಪೇಟೆ

ಉತ್ತರ: ಬೇಡ. ಅಳಿಯಂದಿರಿಗೆ ಬೇಜಾರಾದರೂ ಪರವಾಗಿಲ್ಲ.

ನೀವು ಬಳಸುತ್ತಿರುವ ಎಫ್‌ಟಿಪಿ, ಅಂದರೆ ಫೈಲ್ ಕಳಿಸುವ ಹಳೇ ವಿಧಾನ, ಹುಟ್ಟಿದ್ದು 1971ರಲ್ಲಿ. ಅದರ ಮೊದಲ ಕರಡು ಬರೆದವರು ನಮ್ಮವರೇ, ಅಭಯ್ ಭೂಷಣ್, ಕಾನ್ಪುರ ಐಐಟಿಯ ಮೊದಲ ಬ್ಯಾಚಿನವರು, ಆಗ ಅಮೆರಿಕದ ಎಂಐಟಿಯಲ್ಲಿದ್ದರು. ಆ ಕಾಲದಲ್ಲಿ ನೆಟ್‌ವರ್ಕ್ ಅಂದರೆ ಬೆರಳೆಣಿಕೆಯಷ್ಟು ಕಂಪ್ಯೂಟರು, ಎಲ್ಲರಿಗೂ ಎಲ್ಲರೂ ಗೊತ್ತು. ಕಳ್ಳರ ಯೋಚನೆಯೇ ಇರಲಿಲ್ಲ. ಹಾಗಾಗಿ ಹೆಸರು, ಪಾಸ್‌ವರ್ಡ್, ಫೈಲ್ ಎಲ್ಲವೂ ಪೋಸ್ಟ್ ಕಾರ್ಡಿನ ಹಾಗೆ ತೆರೆದೇ ಹೋಗುತ್ತವೆ. ಈಗ ನಿಮ್ಮ ಮನೆಯನ್ನೇ ತಗೊಳ್ಳಿ. ವಾರಾಂತ್ಯಕ್ಕೆ ಬೆಂಗಳೂರಿಂದ ಬಂದ ಹತ್ತು ಜನ ಅತಿಥಿಗಳು ಇರುವ ವೈಫೈನಲ್ಲೇ ಕೂತು ನೀವೂ ವೆಬ್‌ಸೈಟಿನ ಪಾಸ್‌ವರ್ಡ್ ಕಳಿಸುತ್ತೀರಿ. ಅವರಲ್ಲಿ ಒಬ್ಬ ತುಂಟ ಇದ್ದರೆ ಸಾಕು.

ಎಂಟು ವರ್ಷದಿಂದ ಇದ್ದ ಅಪಾಯವೇ ಇದು. ಈಗಿನ ಫೈಲ್‌ಜಿಲ್ಲಾ ಅದನ್ನು ಬಾಯಿಬಿಟ್ಟು ಹೇಳುತ್ತಿದೆ ಅಷ್ಟೇ. ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲೇ ಎಫ್‌ಟಿಪಿಯನ್ನು ಕಿತ್ತು ಹಾಕಿವೆ.

ಮಾಡಬೇಕಾದ್ದು ಇಷ್ಟು. ನಿಮ್ಮ ಹೋಸ್ಟಿಂಗ್ ಕಂಪನಿಗೆ ಫೋನ್ ಮಾಡಿ ಎಸ್‌ಎಫ್‌ಟಿಪಿ, ಅಂದರೆ ಎಲ್ಲವನ್ನೂ ಗುಟ್ಟಾಗಿ ಕಳಿಸುವ ವಿಧಾನ, ಇದೆಯಾ ಅಂತ ಕೇಳಿ. ಇದ್ದರೆ ಫೈಲ್‌ಜಿಲ್ಲಾದ ಸೈಟ್ ಮ್ಯಾನೇಜರ್ ತೆರೆದು ಪ್ರೋಟೋಕಾಲ್ ಇರುವ ಜಾಗದಲ್ಲಿ ಎಸ್‌ಎಫ್‌ಟಿಪಿ ಆರಿಸಿ. ಪೋರ್ಟ್ 21 ಹೋಗಿ ಸಾಮಾನ್ಯವಾಗಿ 22 ಆಗುತ್ತದೆ. ಹೆಸರು ಹತ್ತಿರ ಹತ್ತಿರ ಇದ್ದರೂ ಇದು ಎಫ್‌ಟಿಪಿಯ ತಮ್ಮ ಅಲ್ಲ, ಬೇರೆಯೇ ಮನೆತನ. ಇದರ ಬೇರು ಎಸ್‌ಎಸ್‌ಎಚ್, ದೂರದ ಕಂಪ್ಯೂಟರಿಗೆ ಗುಟ್ಟಾಗಿ ಸೇರುವ ವಿಧಾನ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಯಾರೋ ನೆಟ್‌ವರ್ಕಿಗೆ ಕಿವಿಗೊಟ್ಟು ಪಾಸ್‌ವರ್ಡ್ ಕದ್ದರು, ಅದನ್ನು ಕಂಡು ರೋಸಿ ಟಾಟು ಯುಲೊನೆನ್ ಎಂಬವರು ಬರೆದದ್ದು. ಎಸ್‌ಎಫ್‌ಟಿಪಿ ಇಲ್ಲ ಅಂದರೆ ಟಿಎಲ್‌ಎಸ್ (ಗುಟ್ಟಾಗಿ ಕಳಿಸುವ ಇನ್ನೊಂದು ವ್ಯವಸ್ಥೆ) ಮೇಲಿನ ಎಫ್‌ಟಿಪಿಯಾದರೂ ಇದೆಯಾ ಕೇಳಿ, ಅದೂ ಸರಿಯೇ. ಎರಡೂ ಇಲ್ಲ ಅಂದರೆ ಕಂಪನಿ ಬದಲಿಸಿ, ನಾನಾದರೆ ಅದನ್ನೇ ಮಾಡುತ್ತಿದ್ದೆ.

ಇದಾದ ಮೇಲೆ ಪಾಸ್‌ವರ್ಡ್ ಬದಲಿಸಿ. ಮರೆಯಬೇಡಿ. ಹಳೆಯದು ಎಂಟು ವರ್ಷ ಬಯಲಲ್ಲಿ ಓಡಾಡಿದೆ. ಇನ್ನೊಂದು, ಫೈಲ್‌ಜಿಲ್ಲಾದಲ್ಲಿ ಪಾಸ್‌ವರ್ಡ್ ಉಳಿಸಿಟ್ಟಿದ್ದರೆ ಅದು ಕಂಪ್ಯೂಟರಿನ ಒಂದು ಸಾದಾ ಫೈಲಿನಲ್ಲಿ ಬೀಗವಿಲ್ಲದೆ ಕೂತಿರುತ್ತದೆ, ಗೊತ್ತಿದ್ದವನು ಕ್ಷಣದಲ್ಲಿ ಓದುತ್ತಾನೆ. 2017ರಿಂದ ಮಾಸ್ಟರ್ ಪಾಸ್‌ವರ್ಡ್ ಸೌಲಭ್ಯ ಬಂದಿದೆ, ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಹಾಕಿಕೊಳ್ಳಿ. ಹಾಕಿಕೊಂಡವರನ್ನು ನಾನಂತೂ ಹೆಚ್ಚು ನೋಡಿಲ್ಲ.

ಪ್ರಶ್ನೆ: ನಾನು ತೋಟದಲ್ಲಿ ರೈಟರ್, ಲೆಕ್ಕ ಬರೆಯುವ ಕೆಲಸ. ಚೆಕ್‌ರೋಲು (ಆಳುಗಳ ಹಾಜರಿ), ಮಳೆ ಲೆಕ್ಕ ಎಲ್ಲ ದಿನಾ ಸಂಜೆ ವಿನ್‌ಎಸ್‌ಸಿಪಿಯಲ್ಲಿ ಸಾಹುಕಾರರ ಬೆಂಗಳೂರು ಆಫೀಸಿನ ಸರ್ವರಿಗೆ ಕಳಿಸಬೇಕು. ಅಪ್‌ಡೇಟ್ ಆದ ಮಾರನೇ ದಿನ ಸರ್ವರಿನ ಕೀ ಬದಲಾಗಿದೆ, ಯಾರೋ ಮೋಸ ಮಾಡುತ್ತಿರಬಹುದು ಅಂತ ಕೆಂಪಗೆ ಬಂತು. ಹೆದರಿ ಮುಚ್ಚಿಬಿಟ್ಟೆ. ಎರಡು ದಿನದ ಲೆಕ್ಕ ಬಾಕಿ ಉಳಿದಿದೆ. ಒಪ್ಪಿಗೆ ಒತ್ತಬಹುದಾ?
- ಸಿದ್ದಾಪುರದ ಒಬ್ಬ ಓದುಗರು

ಉತ್ತರ: ಮುಚ್ಚಿದ್ದು ಒಳ್ಳೇದೇ ಆಯ್ತು. ಹತ್ತರಲ್ಲಿ ಒಂಬತ್ತು ಜನ ಸುಮ್ನೆ ಒಪ್ಪಿಗೆ ಒತ್ತಿಬಿಡುತ್ತಾರೆ.

ಮೊದಲ ಸಲ ನೀವು ಸೇರಿದಾಗ ಸರ್ವರ್ ತನ್ನ ಗುರುತು ತೋರಿಸಿತ್ತು, ವಿನ್‌ಎಸ್‌ಸಿಪಿ ಅದನ್ನು ಬರೆದಿಟ್ಟುಕೊಂಡಿತ್ತು. ಈಗ ಅದೇ ವಿಳಾಸದಲ್ಲಿ ಬೇರೆ ಗುರುತಿನವರು ಕೂತಿದ್ದಾರೆ ಅಂತ ಹೇಳುತ್ತಿದೆ. ಪ್ರತಿವರ್ಷ ಕಾಫಿ ತೂಕಕ್ಕೆ ಬರುವವನ ಬದಲು ಬೇರೆ ಯಾರೋ ಲಾರಿ ತಂದು ಅದೇ ವ್ಯಾಪಾರಿ ಕಳಿಸಿದ್ದು ಅಂದರೆ, ಕಣದಿಂದ ಚೀಲ ಎತ್ತಿಸುವ ಮುಂಚೆ ನೀವು ಒಂದು ಫೋನ್ ಮಾಡ್ತೀರಿ ಅಲ್ವಾ? ಇಲ್ಲೂ ಅದೇ. ಬೆಂಗಳೂರು ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುವವರಿಗೆ ಫೋನ್ ಮಾಡಿ. ಯಂತ್ರ ಬದಲಿಸಿದಿರಾ, ಎಲ್ಲ ಅಳಿಸಿ ಹೊಸದಾಗಿ ಹಾಕಿದಿರಾ ಅಂತ ಕೇಳಿ. ಹೌದು ಅಂದರೆ ಅಷ್ಟಕ್ಕೇ ಬಿಡಬೇಡಿ, ಫಿಂಗರ್‌ಪ್ರಿಂಟ್ ಓದಿ ಹೇಳಿ ಅನ್ನಿ. ಅಕ್ಷರ ಅಂಕಿ ಸೇರಿದ ಒಂದು ಉದ್ದ ಸಾಲು ಅದು. ನಿಮ್ಮ ಪರದೆಯ ಸಾಲಿನ ಜೊತೆ ಅಕ್ಷರಕ್ಕೆ ಅಕ್ಷರ ಸೇರಿದರೆ ಒಪ್ಪಿಗೆ ಒತ್ತಿ. ಅಪ್‌ಡೇಟ್ ಹಿಂದಿನ ದಿನ ಆಗಿದ್ದು ಬಹುಶಃ ಕಾಕತಾಳೀಯ, ಬದಲಾದದ್ದು ಆ ಕಡೆ.

ದೊಡ್ಡವರಿಗೂ ಹೀಗಾಗುತ್ತದೆ. 2023ರ ಮಾರ್ಚಿನಲ್ಲಿ ಪ್ರೋಗ್ರಾಂ ಬರೆಯುವವರು ಕೋಡ್ ಇಡುವ ಗಿಟ್‌ಹಬ್ ತಾಣದ ಖಾಸಗಿ ಕೀ ಒಂದು ಕೈತಪ್ಪಿ ಸಾರ್ವಜನಿಕ ಜಾಗದಲ್ಲಿ ಬಿದ್ದಿತ್ತು. ಅವರು ತಕ್ಷಣ ಬದಲಿಸಿದರು, ಆವತ್ತು ಹಳೇ ಕೀ ಉಳಿಸಿಕೊಂಡಿದ್ದವರೆಲ್ಲ ಇದೇ ಎಚ್ಚರಿಕೆ ನೋಡಿದರು.

ಬಾಕಿ ಲೆಕ್ಕಕ್ಕೆ ಸಾಹುಕಾರರು ಬೈದರೆ ಈ ಪುಟ ತೋರಿಸಿ. ಇಂಚು, ಸೆಂಟ್ ಲೆಕ್ಕ ಎರಡು ದಿನ ತಡವಾದರೆ ಮಳೆಯೇನೂ ಕಮ್ಮಿಯಾಗಲ್ಲ.

ಪ್ರಶ್ನೆ: ಅಣ್ಣಾ, ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ಪುಟ್ಟಿ ಎಂಬ ಸಾಫ್ಟ್‌ವೇರಿನಲ್ಲಿ, ಪಾಸ್‌ವರ್ಡ್ ಬದಲಿಗೆ ಬಳಸುವ ಕೀ ಮಾಡಿಕೊಂಡು ಕ್ಲೌಡ್ ಸರ್ವರಿಗೆ ಹೋಗುತ್ತೇನೆ. ಹಳೇ ಪುಟ್ಟಿಯಲ್ಲಿ ದೋಷ ಇತ್ತು ಅಂತ ಈಗ ಗೊತ್ತಾಗಿ ಅಪ್‌ಡೇಟ್ ಮಾಡಿದೆ. ಸಾಕಲ್ವಾ?
- ವಿದ್ಯಾರ್ಥಿನಿ, ಕುಶಾಲನಗರ

ಉತ್ತರ: ಅಣ್ಣಾ ಅಂದಿದ್ದೀಯ, ನೀನು ಅಂತಲೇ ಬರೆಯುತ್ತೇನೆ. ಸಾಕಾಗದೇ ಇರಬಹುದು ತಂಗಿ. ನಿನ್ನ ಕೀ ಯಾವ ಜಾತಿಯದು ಅನ್ನುವುದರ ಮೇಲೆ ಹೋಗುತ್ತದೆ.

2024ರ ಏಪ್ರಿಲ್‌ನಲ್ಲಿ ಹೊರಬಿದ್ದ ವಿಷಯ ಅದು. ಪುಟ್ಟಿ 0.68ರಿಂದ 0.80ರವರೆಗಿನ ಎಲ್ಲ ಆವೃತ್ತಿಯಲ್ಲೂ ಇತ್ತು, 0.81ರಲ್ಲಿ ಸರಿಹೋಯಿತು. ಪುಟ್ಟಿಯ ಕೋಡನ್ನೇ ಒಳಗಿಟ್ಟುಕೊಂಡ ಫೈಲ್‌ಜಿಲ್ಲಾ 3.67.0ರಲ್ಲಿ, ವಿನ್‌ಎಸ್‌ಸಿಪಿ 6.3.3ರಲ್ಲಿ ಸರಿಯಾದವು. ತೊಂದರೆ ಇದ್ದದ್ದು ಪಿ-521 ಎಂಬ ಇಸಿಡಿಎಸ್‌ಎ ಕೀಗೆ ಮಾತ್ರ. ಸರ್ವರಿಗೆ ಸೇರುವಾಗಲೆಲ್ಲ ಇದು ನೀನೇ ಅಂತ ತೋರಿಸಲು ಕೀಯಿಂದ ಒಂದು ಸಹಿ ಹಾಕಲಾಗುತ್ತದೆ, ಪ್ರತಿ ಸಹಿಗೂ ಯಾರೂ ಊಹಿಸಲಾಗದ 521 ಬಿಟ್‌ನ ಒಂದು ಸಂಖ್ಯೆ ಬೇಕು. ಪುಟ್ಟಿ ಅದನ್ನು 512 ಬಿಟ್ ಕೊಡುವ ಲೆಕ್ಕದಿಂದ ತೆಗೆಯುತ್ತಿತ್ತು. ಮಿಕ್ಕ 9 ಬಿಟ್ ಯಾವಾಗಲೂ ಸೊನ್ನೆ. ಒಂಬತ್ತೇ ಸೊನ್ನೆ, ಆದರೆ ಸುಮಾರು 60 ಸಹಿ ಕೈಗೆ ಸಿಕ್ಕರೆ ಖಾಸಗಿ ಕೀಯನ್ನೇ ಲೆಕ್ಕ ಹಾಕಿ ತೆಗೆಯಬಹುದು. ನೀನು ಸೇರಿದ ಸರ್ವರ್ ದುಷ್ಟರ ಕೈಲಿದ್ದರೆ ಸಹಿಗಳು ಅಲ್ಲೇ ಸಿಗುತ್ತವೆ.

ಹೊಸ ಪುಟ್ಟಿ ಇನ್ನು ಮುಂದಿನ ಸಹಿಗಳನ್ನು ಸರಿಯಾಗಿ ಹಾಕುತ್ತದೆ. ಹಿಂದೆ ಹಾಕಿದ್ದನ್ನು ವಾಪಸ್ ತರಲ್ಲ. ಹಾಗಾಗಿ ನಿನ್ನದು ಪಿ-521 ಆಗಿದ್ದು, ಹಳೇ ಪುಟ್ಟಿಯಲ್ಲಿ ಬಳಸಿದ್ದರೆ ಅದನ್ನು ಬಿಸಾಕು. ಎಡ್25519 ಜಾತಿಯ ಹೊಸದು ಮಾಡಿಕೋ, ಮೊದಲು ಅದನ್ನು ಸರ್ವರಿಗೆ ಸೇರಿಸು, ಅದರಿಂದ ಒಳಗೆ ಹೋಗಕ್ಕೆ ಆಗುತ್ತಾ ನೋಡು, ಆಮೇಲೆ ಹಳೇ ಕೀಯನ್ನು ಎಲ್ಲ ಸರ್ವರಿನಿಂದಲೂ ಅಳಿಸು. ಮೊದಲೇ ಅಳಿಸಿ ಹೊರಗೆ ನಿಂತವರ ಕಥೆ ನನ್ನ ಹತ್ತಿರ ಬೇಕಾದಷ್ಟಿದೆ, ಅದರಲ್ಲಿ ಒಂದು ನನ್ನದೇ. ಆರ್‌ಎಸ್‌ಎ ಜಾತಿಯ ಕೀ ಆಗಿದ್ದರೆ ಈ ದೋಷ ನಿನಗೆ ತಟ್ಟಿಲ್ಲ.

ಪುಟ್ಟಿ ಅಂತ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವ ಜಾಹೀರಾತಿನಿಂದ ಮಾತ್ರ ಇಳಿಸಿಕೊಳ್ಳಬೇಡ. ನಕಲಿ ಪುಟ್ಟಿ ಹಾಕಿ ಕಾಯುವವರಿದ್ದಾರೆ.

ಪ್ರಶ್ನೆ: ನಾವು ಇಬ್ಬರು ಮೇಷ್ಟ್ರು ಸೇರಿ ಹಳೇ ಫೋಟೋಗಳನ್ನು ಊರೂರಿನ ಪ್ರಕಾರ ಸರ್ವರಿಗೆ ಹಾಕುತ್ತಿದ್ದೇವೆ. ನನ್ನದು ವಿಂಡೋಸ್, ಅವರದು ಹಳೇ ಮ್ಯಾಕ್. ಈಗ ಸರ್ವರಿನಲ್ಲಿ 'ಕೊಡಗು' ಎರಡು ಫೋಲ್ಡರ್ ಇದೆ, 'ಮಡಿಕೇರಿ' ಎರಡು, 'ಸೋಮವಾರಪೇಟೆ' ಎರಡು. 'ಕುಶಾಲನಗರ', 'ಭಾಗಮಂಡಲ' ಮಾತ್ರ ಒಂದೊಂದೇ. ಇದೇನು ಮಾಯ? ಅಪ್‌ಡೇಟಿನಿಂದ ಹೀಗಾಯಿತಾ?
- ನಿವೃತ್ತ ಶಿಕ್ಷಕರು, ಮಡಿಕೇರಿ

ಉತ್ತರ: ಈ ತಿಂಗಳ ಒಳ್ಳೆಯ ಪ್ರಶ್ನೆ ಇದು. ಕುಶಾಲನಗರ ಒಂದೇ ಇದೆ ಅಂತ ಗಮನಿಸಿ ಬರೆದಿದ್ದೀರಲ್ಲ ಸರ್, ಅಲ್ಲೇ ಉತ್ತರ ಇದೆ.

'ಕೊ' ಅಕ್ಷರವನ್ನು ಯೂನಿಕೋಡಿನಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಇಡುವ ಸಂಕೇತ ಪದ್ಧತಿ) ಎರಡು ಥರ ಬರೆಯಬಹುದು. ಒತ್ವದ ಚಿಹ್ನೆಯನ್ನು ಇಡಿಯಾಗಿ ಒಂದೇ ಸಂಕೇತವಾಗಿ ಇಡಬಹುದು. ಇಲ್ಲವೇ ಎತ್ವ ಒಂದು, ಊಕಾರದ ಕೊಂಬು ಒಂದು ಅಂತ ಬಿಡಿಸಿ ಎರಡಾಗಿ ಇಡಬಹುದು. ಶಾಲೆಯಲ್ಲಿ ನೀವು ಬೋರ್ಡಿನ ಮೇಲೆ ಬರೆಸುತ್ತಿದ್ದ ಹಾಗೆಯೇ. 'ಕೇ'ಯಲ್ಲಿ ಎತ್ವ ಮತ್ತು ದೀರ್ಘ. 'ಸೋ'ದಲ್ಲಿ ಮೂರು ತುಂಡು. ನಿಮ್ಮ ವಿಂಡೋಸ್ ಇಡಿಯಾಗಿ ಕಳಿಸುತ್ತದೆ. ಹಳೇ ಮ್ಯಾಕ್‌ಗಳ ಡಿಸ್ಕ್ ವ್ಯವಸ್ಥೆ ಫೈಲಿನ ಹೆಸರನ್ನು ಬಿಡಿಸಿಯೇ ಇಟ್ಟುಕೊಳ್ಳುತ್ತಿತ್ತು, 2017ರಲ್ಲಿ ಹೊಸ ವ್ಯವಸ್ಥೆ ಬರುವವರೆಗೂ. ಕಣ್ಣಿಗೆ ಎರಡೂ 'ಕೊಡಗು'. ಲಿನಕ್ಸ್ ಸರ್ವರಿಗೆ ಬೈಟ್ ಬೇರೆ ಅಂದರೆ ಹೆಸರೇ ಬೇರೆ. 'ಕುಶಾಲನಗರ'ದಲ್ಲಿ, 'ಭಾಗಮಂಡಲ'ದಲ್ಲಿ ಹೀಗೆ ಬಿಡಿಸುವಂಥ ಸ್ವರ ಚಿಹ್ನೆಯೇ ಇಲ್ಲ, ಅದಕ್ಕೇ ಅವು ಒಂದೊಂದೇ ಉಳಿದವು.

ಅಪ್‌ಡೇಟಿನ ತಪ್ಪಲ್ಲ. ಕೆಲವು ಸಾಫ್ಟ್‌ವೇರ್ ಕಳಿಸುವಾಗಲೇ ಹೆಸರನ್ನು ಒಂದು ಮಾಡುತ್ತವೆ, ಕೆಲವು ಇದ್ದದ್ದನ್ನು ಇದ್ದಂತೆ ಕಳಿಸುತ್ತವೆ. ಜೋಡಿಯಲ್ಲಿ ಒಂದನ್ನು ಅಳಿಸಬೇಡಿ, ಎರಡರಲ್ಲೂ ಬೇರೆ ಬೇರೆ ಫೋಟೋ ಇರುತ್ತವೆ. ನಿಮ್ಮ ವಿಂಡೋಸಿನಿಂದ 'ಕೊಡಗು-1' ಅಂತ ಹೊಸ ಫೋಲ್ಡರ್ ಮಾಡಿ ಎರಡರ ಒಳಗಿನದನ್ನೂ ಅಲ್ಲಿಗೆ ತನ್ನಿ. ಮುಂದೆ ಫೋಲ್ಡರ್‌ಗಳನ್ನು ನೀವೊಬ್ಬರೇ ಮಾಡಿ, ಅವರು ಅದರೊಳಗೆ ಹಾಕಲಿ. ಫೈಲಿನ ಹೆಸರಿಗೆ ಅಂಕಿ ಸಾಕು. ಕನ್ನಡದ ಹೆಸರಿಡಬೇಡಿ ಅಂತ ಮಾತ್ರ ನಾನು ಹೇಳಲ್ಲ.

ಪ್ರಶ್ನೆ: ಸ್ಟುಡಿಯೋದ ಹಳೇ ವಿಂಡೋಸ್ 7 ಕಂಪ್ಯೂಟರಿನಿಂದ ಸರ್ವರಿಗೆ ಹೋಗುತ್ತಿದ್ದೆ. ಇಲ್ಲಿ ಏನೂ ಬದಲಿಸಿಲ್ಲ, ಸರ್ವರ್ ಮಾತ್ರ ಕೀ ಒಪ್ಪುತ್ತಿಲ್ಲ.
- ವಿರಾಜಪೇಟೆಯಿಂದ

ಉತ್ತರ: ಏನೂ ಬದಲಿಸದೇ ಇದ್ದದ್ದೇ ಕಾರಣ ಇರಬೇಕು. ಆ ಕಡೆ ಸರ್ವರ್ ಅಪ್‌ಡೇಟ್ ಆಗಿದೆ. ಸರ್ವರಿನಲ್ಲಿ ಎಸ್‌ಎಸ್‌ಎಚ್ ನಡೆಸುವ ಸಾಫ್ಟ್‌ವೇರಾದ ಓಪನ್‌ಎಸ್‌ಎಸ್‌ಎಚ್‌ನ 8.8 ಎಂಬ 2021ರ ಆವೃತ್ತಿಯಿಂದ ಆರ್‌ಎಸ್‌ಎ ಕೀಯ ಹಳೇ ಸಹಿ ವಿಧಾನವನ್ನು ತಾನಾಗಿ ಒಪ್ಪುವುದು ನಿಂತಿತು. ನಿಮ್ಮದು ಆರ್‌ಎಸ್‌ಎ ಆಗಿದ್ದರೆ ಕೀ ಬದಲಿಸಬೇಕಾಗಿಲ್ಲ, ಸಹಿ ಹಾಕುವ ಸಾಫ್ಟ್‌ವೇರ್ ಹೊಸದಾದರೆ ಸಾಕು. ಆ ಕಂಪ್ಯೂಟರನ್ನು ಮಾತ್ರ ಇನ್ನು ನೆಟ್ಟಿಗೆ ಹಾಕಬೇಡಿ. ವಿಂಡೋಸ್ 10ಕ್ಕೇ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿದಿದೆ, ನಿಮ್ಮದು 7.

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ ಜಾಗ ಇಲ್ಲ ಅಂತ ಗೂಗಲ್ ಡ್ರೈವ್ ಫೋಲ್ಡರಿನ ಮದುವೆ ಫೋಟೋ ಅಳಿಸಿದೆ. ಕ್ಲೌಡಿನಲ್ಲಿ ಇರುತ್ತದಲ್ಲ ಅಂದುಕೊಂಡೆ. ಅಲ್ಲೂ ಇಲ್ಲ! ಮನೆಯವರಿಗೆ ಇನ್ನೂ ಹೇಳಿಲ್ಲ.
- ಸುಂಟಿಕೊಪ್ಪದ ಗೃಹಿಣಿ

ಉತ್ತರ: ಹೇಳುವ ಮುಂಚೆ ಡ್ರೈವ್‌ನ ಕಸದ ಬುಟ್ಟಿ ನೋಡಿ. 30 ದಿನ ಅಲ್ಲೇ ಇರುತ್ತದೆ, ವಾಪಸ್ ತರಬಹುದು. ಪತ್ರ ನನಗೆ ತಲುಪಿ, ಇದು ಅಚ್ಚಾಗುವಷ್ಟರಲ್ಲಿ ದಿನ ಮೀರಬಾರದು ಅಂತ ನಿಮಗೆ ಆಗಲೇ ಫೋನ್ ಮಾಡಿದ್ದೇನೆ, ಬೇರೆಯವರಿಗಾಗಿ ಬರೆಯುತ್ತಿದ್ದೇನೆ. ಆ ಫೋಲ್ಡರ್ ಕನ್ನಡಿ ಇದ್ದ ಹಾಗೆ. ಈ ಕಡೆ ಅಳಿಸಿದರೆ ಆ ಕಡೆಯೂ ಅಳಿಯುತ್ತದೆ. ಸೈಬರ್‌ಡಕ್, ಫೈಲ್‌ಜಿಲ್ಲಾ ಥರದವು ಹಾಗಲ್ಲ, ಅವು ನೀವು ಹೇಳಿದಷ್ಟನ್ನು ನಕಲು ಮಾಡಿ ಸುಮ್ಮನಾಗುತ್ತವೆ. ಜಾಗ ಬೇಕಿದ್ದರೆ ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ಮಿರರ್ ಬದಲು ಸ್ಟ್ರೀಮ್ ಆರಿಸಿ, ಆಗ ತೆರೆದ ಫೈಲ್ ಮಾತ್ರ ಲ್ಯಾಪ್‌ಟಾಪಿಗೆ ಇಳಿಯುತ್ತದೆ. ಸ್ಟ್ರೀಮ್‌ನಲ್ಲೂ ಅಳಿಸಿದರೆ ಅಳಿದೇ ಹೋಗುತ್ತದೆ, ಆಯ್ತಾ?

ಪ್ರಶ್ನೆ: ಮೂರು ಜಿಬಿ ವಿಡಿಯೋ ವಿನ್‌ಎಸ್‌ಸಿಪಿಯಲ್ಲಿ ಕಳಿಸುವಾಗ ಕರೆಂಟ್ ಹೋಯಿತು. ಸರ್ವರಿನಲ್ಲಿ ಫೈಲ್‌ಪಾರ್ಟ್ ಅಂತ ಕೊನೆಯಾಗುವ ಏನೋ ಬಿದ್ದಿದೆ. ಅಳಿಸಲೇ?
- ನಾಪೋಕ್ಲು

ಉತ್ತರ: ಅಳಿಸಬೇಡಿ! ಅದೇ ನಿಮ್ಮ ಅರ್ಧ ವಿಡಿಯೋ. ಅದೇ ಫೈಲನ್ನು ಮತ್ತೆ ಕಳಿಸಲು ಹೋದರೆ ನಿಂತ ಕಡೆಯಿಂದ ಮುಂದುವರಿಸಲೇ ಅಂತ ಕೇಳುತ್ತದೆ, ಹೌದು ಅನ್ನಿ. ಪೂರ್ತಿ ಆದ ಮೇಲೆ ಆ ಬಾಲ ತಾನಾಗಿಯೇ ಹೋಗುತ್ತದೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕಳಿಸುತ್ತಿದ್ದರೆ ವಿಂಡೋಸ್‌ನಲ್ಲಿ ಆ ವೈಫೈಯನ್ನು ಮೀಟರ್ಡ್ ಅಂತ ಗುರುತು ಮಾಡಿ, ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ಮಧ್ಯೆ ಕೂತು ನಿಮ್ಮ ಡೇಟಾ ತಿನ್ನುತ್ತದೆ. ರಾತ್ರಿ ಹನ್ನೊಂದರ ಮೇಲೆ ಕಳಿಸಿ ನೋಡಿ, ನಮ್ಮ ಕಡೆ ಆಗಲೇ ಸ್ವಲ್ಪ ವೇಗ ಸಿಗೋದು.