ಸಿಎಂಗೆ ಸಲಹೆ ಕೊಡುವ ವಕೀಲರಾಗಲು ಪರೀಕ್ಷೆ ಇದೆಯೇ?

ಸರ್, ನಿಮ್ಮ ಮಗಳು ಬಳ್ಳಾರಿಯಲ್ಲಿ ಎಲ್‌ಎಲ್‌ಬಿ ಓದ್ತಿದ್ದಾಳೆ, ಮುಂದೆ ಮುಖ್ಯಮಂತ್ರಿಗೆ ಕಾನೂನು ಸಲಹೆ ಕೊಡೋ ಮಟ್ಟಕ್ಕೆ ಹೋಗಬೇಕು ಅಂತಾಳೆ, ಅದಕ್ಕೆ ಪರೀಕ್ಷೆ ಇದೆಯಾ, ಪಕ್ಷ ಸೇರಬೇಕಾ ಅಂತ ಕೇಳಿದ್ದೀರಿ.

ಪರೀಕ್ಷೆ ಇಲ್ಲ. ರಾಜ್ಯ ಸರ್ಕಾರದ ಮುಖ್ಯ ವಕೀಲರು ಅಡ್ವೊಕೇಟ್ ಜನರಲ್. ಸಂವಿಧಾನದ 165ನೇ ವಿಧಿಯಂತೆ ರಾಜ್ಯಪಾಲರು ನೇಮಿಸುತ್ತಾರೆ. ಹೈಕೋರ್ಟ್ ನ್ಯಾಯಮೂರ್ತಿಗೆ ಬೇಕಾದ ಅರ್ಹತೆಯೇ ಇದಕ್ಕೂ ಬೇಕು. ವಕೀಲರಾದರೆ ಹೈಕೋರ್ಟಿನಲ್ಲಿ ಕನಿಷ್ಠ 10 ವರ್ಷದ ವಕೀಲಿಕೆ. ನೇಮಿಸೋದು ರಾಜ್ಯಪಾಲರಾದರೂ ಹೆಸರು ಆಯ್ಕೆ ಮಾಡೋದು ಸರ್ಕಾರ, ಹಾಗಾಗಿ ರಾಜಕೀಯ ಇಲ್ಲವೇ ಇಲ್ಲ ಅನ್ನಲಾಗದು. ಸರ್ಕಾರ ಬದಲಾದರೆ ಸಾಮಾನ್ಯವಾಗಿ ಇವರೂ ಬದಲಾಗುತ್ತಾರೆ.

ಆದರೆ ಪಕ್ಷಕ್ಕಿಂತ ದೊಡ್ಡದು ಸರ್ಕಾರಕ್ಕೆ ಇಷ್ಟವಾಗದ ಸಲಹೆಯನ್ನೂ ಕೊಡೋ ಧೈರ್ಯ. ಹೆಸರಾಂತ ವಕೀಲ ಫಾಲಿ ನಾರಿಮನ್ ಅವರ ಬಗ್ಗೆ ಮಗಳಿಗೆ ಹೇಳಿ. ಕೇಂದ್ರ ಸರ್ಕಾರದ ಪರ ವಾದಿಸೋ ಅಡಿಷನಲ್ ಸಾಲಿಸಿಟರ್ ಜನರಲ್ ಆಗಿದ್ದವರು, 1975ರಲ್ಲಿ ತುರ್ತು ಪರಿಸ್ಥಿತಿ ಬಂದ ಕೂಡಲೇ ರಾಜೀನಾಮೆ ಕೊಟ್ಟರು. ಆಮೇಲೆ ಕಾವೇರಿ, ಕೃಷ್ಣಾ ವಿವಾದಗಳಲ್ಲಿ ವರ್ಷಗಟ್ಟಲೆ ನಮ್ಮ ಕರ್ನಾಟಕದ ಪರ ನಿಂತರು. 2016ರಲ್ಲಿ ಕಾವೇರಿ ನೀರು ಬಿಡುವ ಆದೇಶವನ್ನು ರಾಜ್ಯ ಪಾಲಿಸದಿದ್ದಾಗ, ಇನ್ನು ವಾದ ಮಾಡುವುದಿಲ್ಲ ಅಂತ ಸುಪ್ರೀಂ ಕೋರ್ಟಿಗೇ ಹೇಳಿದರು. ಆಗ ನಮ್ಮಲ್ಲಿ ಎಷ್ಟೋ ಜನಕ್ಕೆ ಬೇಜಾರಾಯಿತು. ನನಗೆ ಮಾತ್ರ ಅವರ ಮೇಲೆ ಗೌರವ ಜಾಸ್ತಿಯಾಯಿತು.

ಸದ್ಯಕ್ಕೆ ಎಐಬಿಇ (ವಕೀಲಿಕೆ ಮಾಡಲು ಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆ) ಪಾಸಾಗಲಿ. ಒಂದೆರಡು ವರ್ಷ ಬಳ್ಳಾರಿ ಜಿಲ್ಲಾ ಕೋರ್ಟಿನಲ್ಲಿ ಒಳ್ಳೆ ಹಿರಿಯರ ಕೈಕೆಳಗೆ ಸಾಕ್ಷಿ ವಿಚಾರಣೆ ಕಲಿಯಲಿ. ಆಮೇಲೆ ಹೈಕೋರ್ಟಿನ ಧಾರವಾಡ ಪೀಠ. ಬಳ್ಳಾರಿ, ಕೊಪ್ಪಳ ಎರಡೂ ಅದರ ವ್ಯಾಪ್ತಿಗೇ ಬರುತ್ತವೆ. ಅಲ್ಲಿ ಸರ್ಕಾರಿ ವಕೀಲರ ಕಚೇರಿಯೂ ಇದೆ. ತುಂಗಭದ್ರಾ ನೀರಿನ ಕಾನೂನು, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಈಗಿನಿಂದಲೇ ಚೆನ್ನಾಗಿ ಓದಿಕೊಳ್ಳಲಿ.