ಹಲಸಿನ ಬುಡದಲ್ಲಿ ಅಣಬೆ, ಎಲೆ ಮಾತ್ರ ಹಸಿರು

ಪ್ರಶ್ನೆ: ನಮ್ಮ ಹಿತ್ತಲಲ್ಲಿ ಅಜ್ಜ ನೆಟ್ಟ ಹಲಸಿನ ಮರವಿದೆ. ಈ ಮಳೆಗಾಲದಲ್ಲಿ ಬುಡದಲ್ಲಿ ಕಟ್ಟಿಗೆಯಂಥ ಗಟ್ಟಿ ಅಣಬೆ ಎದ್ದಿದೆ. ಎಲೆ ಹಸಿರಾಗಿದೆ, ಬೇಸಿಗೆಯಲ್ಲಿ ಕಾಯಿಯೂ ಚೆನ್ನಾಗಿತ್ತು. ಅಣಬೆ ಕಿತ್ತು ಬೋರ್ಡೋ (ಮೈಲುತುತ್ತು-ಸುಣ್ಣದ ಮಿಶ್ರಣ) ಬಳಿದರೆ ಸಾಕಾ? ಪಕ್ಕದ ಅಡಿಕೆಗೆ ತೊಂದರೆಯೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಮೊದಲು ಬಗ್ಗಿ ಅಣಬೆಯ ಅಡಿಭಾಗ ನೋಡಿ. ಬೆಳ್ಳಗಿದ್ದರೆ ಉಗುರಲ್ಲಿ ಗೀರಿ. ಗೀರಿದಲ್ಲಿ ಕಂದಾಯಿತು, ಸುತ್ತ ಕೋಕೋ ಪುಡಿಯಂಥ ಧೂಳೂ ಕೂತಿದೆ ಅಂದರೆ ಬಹುಶಃ ಗ್ಯಾನೊಡರ್ಮ ಎಂಬ, ಮರ ಕೊಳೆಸುವ ಶಿಲೀಂಧ್ರ. ಅಡಿಕೆಗೆ ಅಣಬೆ ರೋಗ ತರುವುದೂ ಇದೇ ಕುಲ.

ಕೀಳಬಹುದು, ಧೂಳು ಹಾರುವುದು ನಿಲ್ಲುತ್ತದೆ. ಆದರೆ ಶಿಲೀಂಧ್ರ ಇರುವುದು ಮರದೊಳಗೆ. ಅಲ್ಲಿಗೆ ಬೋರ್ಡೋ ಹೋಗುವುದಿಲ್ಲ. ಅಮೆರಿಕದ ಮರತಜ್ಞ ಅಲೆಕ್ಸ್ ಶೈಗೊ ಸಾವಿರಾರು ಮರ ಸೀಳಿ ನೋಡಿದವರು. ಗಾಯಕ್ಕೆ ಏನು ಬಳಿದರೂ ಕೊಳೆ ನಿಲ್ಲದು, ಮರವೇ ಒಳಗೆ ಗೋಡೆ ಕಟ್ಟಿ ಅದನ್ನು ತಡೆಯಬೇಕು ಎಂದು ತೋರಿಸಿಕೊಟ್ಟರು.

ನನಗೆ ಇದು ತಿಳಿದದ್ದು ತಡವಾಗಿ. ನಮ್ಮ ಗೇಟಿನ ಪಕ್ಕ ಗುಲ್‌ಮೊಹರ್ ಇತ್ತು. ಬುಡದ ಪೊಟರೆಗೆ ನಾನೇ ಎರಡು ಬಾಣಲಿ ಸಿಮೆಂಟು ಕಲಸಿ ತುಂಬಿದೆ. ದೊಡ್ಡ ಜಾಣತನ ಅಂದುಕೊಂಡಿದ್ದೆ! ಮೇ ತಿಂಗಳ ಒಂದು ಗಾಳಿಮಳೆಗೆ, ಮೈತುಂಬ ಹೂ ಇರುವಾಗಲೇ, ಬುಡ ಮುರಿದು ಮಲಗಿತು. ಸಿಮೆಂಟಿನ ಸುತ್ತ ಕಟ್ಟಿಗೆ ಬಿಳಿಚಿಕೊಂಡು ನಾರುನಾರಾಗಿತ್ತು. ಹಿಂಡಿದರೆ ನೀರು ಬಂತು. ಕಟ್ಟಿಗೆಗೆ ಬಿಗಿ ಕೊಡುವ ಲಿಗ್ನಿನ್ ಅನ್ನೇ ಇಂಥ ಶಿಲೀಂಧ್ರಗಳು ತಿಂದುಬಿಡುತ್ತವೆ.

ಹಾಗಾಗಿ ಹಸಿರೆಲೆ ನೋಡಿ ಸಮಾಧಾನ ಪಡಬೇಡಿ. ನೀರು ಏರುವುದು ಹೊರಗಿನ ಬಿಳಿ ಕಟ್ಟಿಗೆಯಲ್ಲಿ. ನಡುವಿನ ಚೇಗು ಪೂರ್ತಿ ಹೋದರೂ ಎಲೆಗೆ ಗೊತ್ತಾಗುವುದಿಲ್ಲ. ಕೊಡತಿಯಿಂದ ಕಾಂಡದ ಸುತ್ತ ತಟ್ಟಿ ನೋಡಿ. ಡಬಡಬ ಅಂದರೆ ಟೊಳ್ಳು. ಟೊಳ್ಳಾದ ಮಾತ್ರಕ್ಕೆ ಮರ ಬೀಳುತ್ತದೆ ಎಂದಲ್ಲ. ಎರಡಡಿ ದಪ್ಪದ ಕಾಂಡದಲ್ಲಿ ಸುತ್ತ ನಾಲ್ಕಿಂಚು ಗಟ್ಟಿ ಕಟ್ಟಿಗೆ ಇದ್ದರೆ ಸಾಮಾನ್ಯವಾಗಿ ತಡೆಯುತ್ತದೆ. ನನಗೆ ಹೆದರಿಕೆ ಬೇರಿನದು. ಬುಡದ ಮಣ್ಣು ಬಿರುಕು ಬಿಟ್ಟಿದೆಯಾ, ಒಂದು ಕಡೆ ಎದ್ದಿದೆಯಾ ನೋಡಿ.

ಅಡಿಕೆಗೆ ಈ ಶಿಲೀಂಧ್ರ ಬೇರಿನಿಂದ ಬೇರಿಗೆ ದಾಟಬಹುದು. ಅಡಿಕೆ ಸಾಲಿನ ಬದಿಗೆ ಎರಡಡಿ ಆಳದ ಕಂದಕ ತೆಗೆಸಿ. ಹಲಸಿನ ಹತ್ತಿರ ಮಾತ್ರ ಬೇಡ, ಇರುವ ಬೇರೂ ಕಡಿದುಹೋದೀತು.

ಮರ ಯಾವ ಕಡೆ ವಾಲಿದೆ ಅಂತ ನೀವು ಬರೆದಿಲ್ಲ. ಮನೆ ಕಡೆಗಾದರೆ ತಿಳಿದವರನ್ನು ಈ ವಾರವೇ ಕರೆಸಿ. ತೋಟದ ಕಡೆಗಾದರೆ ಅಷ್ಟು ಅವಸರವಿಲ್ಲ, ಆದರೆ ಅದರಡಿ ದನ ಕಟ್ಟಬೇಡಿ.